ಕೆಲಸಗಾರರ ಎತ್ತರ ನೋಡಿ ಕೈ ಎಷ್ಟು ದೂರ ಎಟುಕುತ್ತದೆ ಅಂತ ಲೆಕ್ಕ ಹಾಕಬಹುದಾ?

ಪೀಣ್ಯ_ಪ್ಲಾನಿಂಗ್:

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಚಿಕ್ಕ ಯೂನಿಟ್‌ನಲ್ಲಿ ಪ್ರೊಸೆಸ್ ಎಂಜಿನಿಯರ್ ಆಗಿದ್ದೇನೆ. ನಮ್ಮದು ವೈರಿಂಗ್ ಹಾರ್ನೆಸ್, ಅಂದರೆ ವೈರುಗಳನ್ನು ಸೇರಿಸಿ ಕಟ್ಟುವ ಗೊಂಚಲಿನ ಕೆಲಸ. ವೈರ್ ಕತ್ತರಿಸುವುದು, ತುದಿ ಸುಲಿಯುವುದು, ತುದಿಗೆ ಲಗ್ (ಲೋಹದ ಚಿಕ್ಕ ತುಂಡು) ಒತ್ತಿ ಕೂರಿಸುವುದು, ಅಂದರೆ ಕ್ರಿಂಪ್ ಮಾಡುವುದು, ಕನೆಕ್ಟರ್‌ಗೆ ಕೂರಿಸುವುದು, ಟೇಪ್ ಸುತ್ತುವುದು. ಎಲ್ಲಾ ಸ್ಟೂಲ್ ಮೇಲೆ ಕೂತು ಮಾಡುವ ಕೆಲಸ. ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು, ನಾಲ್ಕೈದು ಜನ ಗಂಡಸರು.

ಈಗಿರುವ ಬೆಂಚು 60 ಸೆಂ.ಮೀ. ಆಳ, 120 ಸೆಂ.ಮೀ. ಅಗಲ. ಲಗ್ ಮತ್ತು ಕನೆಕ್ಟರ್ ತುಂಬಿದ ಡಬ್ಬಿ, ಅಂದರೆ ಬಿನ್‌ಗಳನ್ನು ಹಿಂದಿನ ಅಂಚಿನಲ್ಲಿ ಸಾಲಾಗಿ ಇಟ್ಟಿದ್ದೇವೆ, ಎರಡು ಟ್ರೇಗಳು ಬಲ ಮೂಲೆಯಲ್ಲಿ. ಶಿಫ್ಟ್ ಮುಗಿಯುವ ಹೊತ್ತಿಗೆ ಬಲ ಭುಜ ನೋವು, ಬೆನ್ನು ನೋವು ಅಂತ ತುಂಬಾ ಜನ ಹೇಳುತ್ತಿದ್ದಾರೆ. ನಿಂತು ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಪ್ರತಿ ಪೀಸಿಗೂ ಮುಂದಕ್ಕೆ ಬಾಗಿ ಬಿನ್‌ಗೆ ಕೈ ಹಾಕುತ್ತಾರೆ, ಎತ್ತರ ಕಮ್ಮಿ ಇರುವವರು ಅರ್ಧ ಎದ್ದೇ ತೆಗೆಯುತ್ತಾರೆ.

ಹೊಸ ಬೆಂಚು ಮಾಡಿಸುವುದಕ್ಕೆ ಮಾಲೀಕರು ಒಪ್ಪಿದ್ದಾರೆ. ಫ್ಯಾಬ್ರಿಕೇಟರ್ ಡ್ರಾಯಿಂಗ್ ಕೇಳುತ್ತಿದ್ದಾನೆ. ನನ್ನ ಹತ್ತಿರ ಇರುವುದು ಮೆಡಿಕಲ್ ಚೆಕಪ್‌ನಲ್ಲಿ ಬರೆದ ಎಲ್ಲರ ಎತ್ತರ ಮತ್ತು ತೂಕ, ಅಷ್ಟೇ. ಎತ್ತರಕ್ಕೂ ಕೈ ಉದ್ದಕ್ಕೂ ಒಂದು ಲೆಕ್ಕ ಇದೆ ಅಂತ ಓದಿದ್ದೆ. ಅದನ್ನು ನಂಬಿ ಬಿನ್‌ಗಳ ಜಾಗ ಗುರುತು ಮಾಡಬಹುದಾ, ಇಲ್ಲಾ ಒಬ್ಬೊಬ್ಬರ ಕೈಯನ್ನೂ ಅಳೆಯಲೇಬೇಕಾ? ಯಾವ ಅಳತೆ ತೆಗೆದುಕೊಳ್ಳಬೇಕು? ಸರಾಸರಿ ಎತ್ತರಕ್ಕೆ ಮಾಡಿದರೆ ಸಾಕಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಅಳತೆಗೋಲು:

ಸರ್, ನಾನು ಎರ್ಗೊನಾಮಿಕ್ಸ್ (ಕೆಲಸದ ಜಾಗವನ್ನು ಮೈಗೆ ಹೊಂದಿಸುವ ಶಾಸ್ತ್ರ) ಪಾಠ ಮಾಡುತ್ತೇನೆ. ನಿಮ್ಮ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಸರಾಸರಿಗೆ ಮಾತ್ರ ಮಾಡಬೇಡಿ. ಕೈ ಎಟುಕುವ ವಿಷಯದಲ್ಲಿ ಸರಾಸರಿಗೆ ಮಾಡಿದರೆ ಅರ್ಧಕ್ಕರ್ಧ ಜನಕ್ಕೆ ಎಟುಕುವುದಿಲ್ಲ. ಕೈ ಚಿಕ್ಕದಿರುವವರಿಗೆ ಎಟುಕಿದರೆ ಉದ್ದ ಕೈಯವರಿಗೆ ಹೇಗೂ ಎಟುಕುತ್ತದೆ. ಅದಕ್ಕೇ ನಾವು ಯಾವಾಗಲೂ ಹೆಂಗಸರ 5ನೇ ಪರ್ಸೆಂಟೈಲ್ ಹಿಡಿಯುವುದು. ಅಂದರೆ ನೂರು ಜನರನ್ನು ಕೈ ಉದ್ದದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಕೆಳಗಿನಿಂದ ಐದನೆಯವರು.

ಎತ್ತರದ ಲೆಕ್ಕ ಇದೆ, ಸುಳ್ಳಲ್ಲ. 1966ರಲ್ಲಿ ಡ್ರಿಲ್ಲಿಸ್ ಮತ್ತು ಕಾಂಟಿನಿ ಕೊಟ್ಟ ಅನುಪಾತಗಳನ್ನು ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಎತ್ತರವನ್ನು 1 ಅಂತ ಹಿಡಿದರೆ ಮೇಲ್ತೋಳು 0.186, ಮುಂದೋಳು 0.146, ಅಂಗೈ ಮತ್ತು ಬೆರಳು ಸೇರಿ 0.108. ಒಟ್ಟು 0.44. ಅಂದರೆ 152 ಸೆಂ.ಮೀ. ಎತ್ತರದ ಹೆಂಗಸಿಗೆ ಭುಜದಿಂದ ಬೆರಳ ತುದಿವರೆಗೆ ಸುಮಾರು 67 ಸೆಂ.ಮೀ.

ಆದರೆ ಈ 67ನ್ನು ಹಾಗೇ ಡ್ರಾಯಿಂಗ್‌ನಲ್ಲಿ ಹಾಕಿಬಿಟ್ಟರೆ ಕೆಲಸ ಕೆಟ್ಟಿತು ಅಂತಲೇ ಅರ್ಥ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲಿಗೆ, ಲಗ್ಗನ್ನು ಯಾರೂ ಬೆರಳ ತುದಿಯಿಂದ ಮುಟ್ಟಿ ಬಿಡುವುದಿಲ್ಲ, ಹೆಬ್ಬೆರಳು ತೋರುಬೆರಳು ಸೇರಿಸಿ ಎತ್ತಿಕೊಳ್ಳಬೇಕು. ಟೂಲ್ ಆದರೆ ಮುಷ್ಟಿಯಲ್ಲೇ ಹಿಡಿಯಬೇಕು. ಹಿಡಿಯುವಾಗ ಬೆರಳು ಮಡಚುತ್ತದೆ. ಮುಷ್ಟಿ ಹಿಡಿತಕ್ಕೆ ಅರ್ಧ ಅಂಗೈ ಅಳತೆ ಕಳೆಯಿರಿ, ಸುಮಾರು 8 ಸೆಂ.ಮೀ. ಉಳಿಯುವುದು 59.

ಆಮೇಲೆ, ಭುಜ ಇರುವುದು ಮೇಲೆ, ಬೆಂಚು ಇರುವುದು ಕೆಳಗೆ. ಬೆಂಚಿನ ಮೇಲ್ಮೈ ಮೊಣಕೈ ಮಟ್ಟದಲ್ಲಿದೆ ಅಂತ ಇಟ್ಟುಕೊಂಡರೆ ಭುಜ ಅದಕ್ಕಿಂತ 28 ಸೆಂ.ಮೀ. ಮೇಲಿರುತ್ತದೆ. ಕೈ ಓರೆಯಾಗಿ ಕೆಳಗೆ ಇಳಿಯುವುದರಿಂದ ಅಡ್ಡ ದೂರ ಕಮ್ಮಿಯಾಗುತ್ತದೆ. ಸ್ಕೂಲಿನ ಪೈಥಾಗರಸ್ ಪ್ರಮೇಯವೇ ಸಾಕು. 59ರ ವರ್ಗದಿಂದ 28ರ ವರ್ಗ ಕಳೆದು ವರ್ಗಮೂಲ ತೆಗೆದರೆ 52 ಬರುತ್ತದೆ.

ಇದು ಭುಜದಿಂದ 52. ಭುಜ ಬೆಂಚಿನ ಅಂಚಿನ ಮೇಲೆ ಇರುವುದಿಲ್ಲ ಅಲ್ವಾ? ಹೊಟ್ಟೆ ಅಂಚಿಗೆ ತಾಗುವ ಹಾಗೆ ಕೂತರೂ ಭುಜದ ಕೀಲು ಅಂಚಿನಿಂದ 15 ಸೆಂ.ಮೀ. ಹಿಂದೆ ಇರುತ್ತದೆ ಅಂತ ಹಿಡಿಯಿರಿ. ಉಳಿದದ್ದು 37.

ನೋಡಿ, 67ರಿಂದ ಶುರುವಾದ ಲೆಕ್ಕ ಬೆಂಚಿನ ಅಂಚಿನಿಂದ ಅಳೆದರೆ 37ಕ್ಕೆ ಬಂತು. ಇದೇ ಲೆಕ್ಕವನ್ನು 142 ಸೆಂ.ಮೀ. ಎತ್ತರದವರಿಗೆ ಮಾಡಿದರೆ ಸುಮಾರು 33, 165 ಸೆಂ.ಮೀ. ಎತ್ತರದ ಗಂಡಸಿಗೆ ಸುಮಾರು 41. ನಿಮ್ಮ ಬಿನ್‌ಗಳು 60 ಸೆಂ.ಮೀ. ಬೆಂಚಿನ ಹಿಂದಿನ ಅಂಚಿನಲ್ಲಿವೆ. ಬಿನ್ನಿನ ಮುಂಬಾಯಿಯೇ ಅಂಚಿನಿಂದ 45ರ ಹತ್ತಿರ ಇರಬೇಕು. ಅಂದರೆ ನಿಮ್ಮ ಲೈನ್‌ನಲ್ಲಿ ಬಾಗದೆ ತೆಗೆಯುವವರು ಯಾರೂ ಇಲ್ಲ, ಗಂಡಸರೂ ಬಾಗುತ್ತಿದ್ದಾರೆ. ಸೊಂಟದಿಂದ 20 ಡಿಗ್ರಿ ಬಾಗಿದರೆ ಭುಜ ಸುಮಾರು 15 ಸೆಂ.ಮೀ. ಮುಂದೆ ಹೋಗುತ್ತದೆ. ಆ 15 ಸೆಂ.ಮೀ.ನಿಂದಲೇ ಈಗ ನಿಮ್ಮ ಕೆಲಸ ನಡೆಯುತ್ತಿದೆ, ಬೆನ್ನು ನೋವು ಬರುವುದೂ ಅದರಿಂದಲೇ.

ಇನ್ನೊಂದು ಮಾತು. ಈ 37 ಅನ್ನುವುದು ಕೈಯನ್ನು ಪೂರ್ತಿ ಚಾಚಿದಾಗ ಸಿಗುವ ದೂರ. ಪದೇ ಪದೇ ಅಷ್ಟು ಚಾಚಿಸಬಾರದು. ಮೇಲ್ತೋಳು ಆಗ ದೇಹದಿಂದ 60 ಡಿಗ್ರಿ ಮೇಲೆದ್ದಿರುತ್ತದೆ. 1993ರಲ್ಲಿ ಮೆಕ್ಆಟಮ್ನಿ ಮತ್ತು ಕಾರ್ಲೆಟ್ ಮಾಡಿದ, ಕೆಲಸದ ಭಂಗಿಗೆ ಅಂಕ ಕೊಡುವ ರೂಲಾ ಪದ್ಧತಿಯಲ್ಲಿ ಮೇಲ್ತೋಳು 20 ಡಿಗ್ರಿ ಒಳಗಿದ್ದರೆ 1 ಅಂಕ, 45 ದಾಟಿದರೆ 3 ಅಂಕ. ಅಂಕ ಜಾಸ್ತಿಯಾದಷ್ಟೂ ಭಂಗಿ ಕೆಟ್ಟದ್ದು ಅಂತ. ಮೇಲ್ತೋಳು ಇಳಿಬಿಟ್ಟು ಮುಂದೋಳು ಮಾತ್ರ ಆಡಿಸಿ ಸಿಗುವ ಜಾಗ ಅಂಚಿನಿಂದ 15 ಸೆಂ.ಮೀ. ಆಸುಪಾಸು. ಪ್ರತಿ ಪೀಸಿಗೂ ಬೇಕಾಗುವ ಲಗ್ಗು ಅದರೊಳಗೆ ಇಲ್ಲವೇ ಅದಕ್ಕೆ ಅಂಟಿಕೊಂಡಂತೆ ಇರಲಿ. ದಿನಕ್ಕೆ ಒಂದೆರಡು ಸಲ ಬೇಕಾಗುವ ಟೇಪ್ ರೋಲು 33ರ ಗೆರೆ ಹತ್ತಿರ ಇದ್ದರೆ ತೊಂದರೆ ಇಲ್ಲ.

ಲೈನ್_ತುಮಕೂರು:

ಮೇಡಂ ಹೇಳಿದ ಲೆಕ್ಕ ಸರಿ ಇದೆ. ಆದರೆ ಪ್ಲಾನಿಂಗ್ ಅಣ್ಣ, ನಿಮ್ಮ ಹತ್ತಿರ ಜನ ಇದ್ದಾರೆ, ಬೆಂಚ್ ಇದೆ, ಇನ್ನು ಲೆಕ್ಕ ಯಾಕೆ? ನೇರವಾಗಿ ಅಳೆಯಿರಿ. ನಾನು ಸೂಪರ್‌ವೈಸರ್, ನಮ್ಮ ಲೈನ್‌ನಲ್ಲಿ ಮಾಡುವ ಕ್ರಮ ಹೇಳುತ್ತೇನೆ.

ದೊಡ್ಡ ಬ್ರೌನ್ ಪೇಪರ್ ತಂದು ಬೆಂಚಿನ ಮೇಲೆ ಟೇಪ್ ಹಾಕಿ ಅಂಟಿಸಿ. ಪೇಪರ್ ಬೆಂಚಿನ ಮುಂದಿನ ಅಂಚಿಗೆ ಸರಿಯಾಗಿ ಕೂರಬೇಕು. ನಡುವಿನಲ್ಲಿ ಒಂದು ಗೆರೆ ಎಳೆಯಿರಿ, ಕೂತವರ ಮೂಗಿನ ನೇರ ಆ ಗೆರೆಗೆ ಬರಬೇಕು. ಸ್ಕೆಚ್ ಪೆನ್ ಕೊಟ್ಟು ಬರೆಯುವ ಹಾಗೆ ಹಿಡಿಯಬೇಡಿ ಅನ್ನಿ, ಲಗ್ ಹಿಡಿಯುವ ಹಾಗೆ ಎರಡು ಬೆರಳಲ್ಲಿ ಹಿಡಿದು ಪೆನ್ನನ್ನು ನೇರ ಕೆಳಮುಖ ಮಾಡಿಸಿ. ಬೆನ್ನು ಬಗ್ಗಿಸದೆ, ಭುಜ ಮುಂದೆ ತಳ್ಳದೆ, ಬಲಗೈಯಿಂದ ಎಡದಿಂದ ಬಲಕ್ಕೆ ಒಂದು ಕಮಾನು ಎಳೆಯಿಸಿ. ಆಮೇಲೆ ಎಡಗೈ. ಆಮೇಲೆ ಮೊಣಕೈ ಪಕ್ಕೆಗೆ ಒತ್ತಿಕೊಂಡು ಮುಂದೋಳಿನಿಂದ ಮಾತ್ರ ಇನ್ನೆರಡು ಕಮಾನು. ಒಬ್ಬರಿಗೆ ಐದು ನಿಮಿಷ ಸಾಕು. ಪ್ರತಿಯೊಬ್ಬರಿಗೂ ಬೇರೆ ಬಣ್ಣ, ಇಲ್ಲ ಅಂದರೆ ಕಮಾನಿನ ತುದಿಯಲ್ಲಿ ಟೋಕನ್ ನಂಬರ್ ಬರೆಯಿರಿ.

ಎಲ್ಲಾ ಕಮಾನು ಒಂದೇ ಪೇಪರ್ ಮೇಲೆ ಬಂದ ಮೇಲೆ ಎಲ್ಲಕ್ಕಿಂತ ಒಳಗಿರುವ ಗೆರೆ ನೋಡಿ. ಆ ಗೆರೆ ಒಳಗಿನ ಜಾಗ ಎಲ್ಲರಿಗೂ ಸಿಗುತ್ತದೆ. ಅದನ್ನೇ ಕತ್ತರಿಸಿ ತೆಗೆದು ಫ್ಯಾಬ್ರಿಕೇಟರ್ ಕೈಗೆ ಕೊಡಿ. ನಂಬರ್ ಹೇಳಿ ಹೇಳಿ ಸುಸ್ತಾಗುವುದಕ್ಕಿಂತ ಅವನಿಗೂ ಕಾಗದ ನೋಡಿದರೆ ಬೇಗ ಅರ್ಥವಾಗುತ್ತದೆ.

ಒಂದು ಎಚ್ಚರಿಕೆ. ಮೇಲಿನವರು ಪಕ್ಕದಲ್ಲಿ ನಿಂತಿದ್ದರೆ ಎಲ್ಲರೂ ಉತ್ಸಾಹದಿಂದ ಆದಷ್ಟು ದೂರ ಚಾಚಿ ತೋರಿಸುತ್ತಾರೆ. ಎಲ್ಲಾದರೂ ಎಟುಕದಿದ್ದರೆ ಕೆಲಸದಿಂದ ತೆಗೆಯುತ್ತಾರೇನೋ ಅನ್ನುವ ಭಯ ಕೆಲವರಿಗೆ. ಮೊದಲೇ ಕೂರಿಸಿ ಹೇಳಿ, ಇದು ನಿಮ್ಮ ಪರೀಕ್ಷೆ ಅಲ್ಲ, ಬೆಂಚಿನ ಪರೀಕ್ಷೆ ಅಂತ. ಮಧ್ಯಾಹ್ನ ಊಟವಾದ ಮೇಲೆ ಅಳೆಯಿರಿ, ಬೆಳಿಗ್ಗೆ ಫ್ರೆಶ್ ಆಗಿದ್ದಾಗ ಬೇಡ.

ಮಿಶಿಗನ್_ಮಲೆನಾಡು:

ನಾನು ಕಾರುಗಳ ಒಳಭಾಗದ ವಿನ್ಯಾಸದಲ್ಲಿ ಕೆಲಸ ಮಾಡುತ್ತೇನೆ, ಡೆಟ್ರಾಯಿಟ್ ಹತ್ತಿರ. ತುಮಕೂರಿನವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಮ್ಮ ಕ್ಷೇತ್ರದಲ್ಲೂ ಹಾಗೇ. ಸ್ಟಿಯರಿಂಗ್ ಹಿಂದೆ ಕೂತವರಿಗೆ ಯಾವ ಗುಂಡಿ ಎಟುಕಬೇಕು ಅನ್ನುವುದಕ್ಕೆ ಎಸ್‌ಎಇ ಜೆ287 ಅಂತ ವಾಹನ ಎಂಜಿನಿಯರುಗಳ ಸಂಘದ ಒಂದು ಮಾನದಂಡ ಇದೆ. ಅದು ಕೈ ಉದ್ದದ ಕೋಷ್ಟಕದಿಂದ ಹುಟ್ಟಿದ್ದಲ್ಲ. ಚಾಲಕರನ್ನು ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿಸಿ, ಗುಂಡಿಯನ್ನು ಬೆರಳಲ್ಲಿ ಹಿಡಿಯುವ ಹಾಗೆ ಚಾಚಿಸಿ ಅಳೆದ ಅಳತೆಗಳಿಂದ ಬಂದದ್ದು.

ಲೆಕ್ಕದಿಂದ ಯಾಕೆ ಪೂರ್ತಿ ಆಗುವುದಿಲ್ಲ ಅನ್ನುವುದು ಸ್ವಲ್ಪ ಸಂಖ್ಯೆಯಲ್ಲಿ ನೋಡೋಣ. ಎತ್ತರ ಮತ್ತು ಕೈ ಉದ್ದದ ನಡುವೆ ಒಳ್ಳೆ ಸಂಬಂಧ ಇದೆ ಅಂತ ಎಲ್ಲರೂ ಹೇಳುತ್ತಾರೆ. ಸಹಸಂಬಂಧ (0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ಸಂಬಂಧ) 0.75 ಇದೆ ಅಂತಲೇ ಇಟ್ಟುಕೊಳ್ಳಿ, ಅದು ಕಮ್ಮಿ ಏನಲ್ಲ. ಜನರ ಕೈ ಉದ್ದದ ಹರಡಿಕೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 3 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಎತ್ತರ ಗೊತ್ತಾದ ಮೇಲೂ ಉಳಿಯುವ ಹರಡಿಕೆ ಎಷ್ಟು? 1ರಿಂದ 0.75ರ ವರ್ಗ ಕಳೆದು ವರ್ಗಮೂಲ ತೆಗೆದು 3ರಿಂದ ಗುಣಿಸಿ. ಸುಮಾರು 2 ಸೆಂ.ಮೀ. ಉಳಿಯುತ್ತದೆ! ಮೂರರಲ್ಲಿ ಎರಡು ಪಾಲು ಹಾಗೇ ಉಳಿಯಿತು. ಒಂದೇ ಎತ್ತರದ ಹತ್ತು ಜನರನ್ನು ನಿಲ್ಲಿಸಿದರೆ ಅವರಲ್ಲಿ ಒಂಬತ್ತು ಜನರ ಕೈ ಲೆಕ್ಕಕ್ಕಿಂತ 3.3 ಸೆಂ.ಮೀ. ಹೆಚ್ಚುಕಮ್ಮಿ ಒಳಗೆ ಬರುತ್ತದೆ, ಒಬ್ಬರದ್ದು ಅದಕ್ಕೂ ಹೊರಗೆ.

ಇದರ ಜೊತೆಗೆ ಇನ್ನೊಂದಿದೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ಎತ್ತರದಿಂದ ಊಹಿಸಿದ ಕೈಗಳೆಲ್ಲಾ ಸರಾಸರಿ ಕಡೆಗೆ ಒತ್ತಿಕೊಂಡಿರುತ್ತವೆ. ಇದೇ ಉದಾಹರಣೆಯಲ್ಲಿ ನಿಜವಾದ 5ನೇ ಪರ್ಸೆಂಟೈಲ್ ಕೈ ಸರಾಸರಿಗಿಂತ ಸುಮಾರು 4.9 ಸೆಂ.ಮೀ. ಕಮ್ಮಿ. ಎತ್ತರದಿಂದ ಊಹಿಸಿದರೆ 3.7 ಮಾತ್ರ ಕಮ್ಮಿ ಅಂತ ಬರುತ್ತದೆ. ಅಂದರೆ ಚಿಕ್ಕ ಕೈಯವರಿಗೆ ಇರುವುದಕ್ಕಿಂತ ಉದ್ದ ಕೈ ಇದೆ ಅಂತ ಲೆಕ್ಕ ಹೇಳುತ್ತದೆ. ಯಾರಿಗಾಗಿ ಬೆಂಚು ಮಾಡುತ್ತಿದ್ದೀವೋ ಅವರ ವಿಷಯದಲ್ಲೇ ತಪ್ಪುತ್ತದೆ.

ಹಾಗಂತ ಮೇಲ್ತೋಳಿನ 5ನೇ ಪರ್ಸೆಂಟೈಲ್, ಮುಂದೋಳಿನದ್ದು, ಅಂಗೈಯದ್ದು ಮೂರನ್ನೂ ಕೂಡಿಸಬೇಡಿ. ಪರ್ಸೆಂಟೈಲ್‌ಗಳನ್ನು ಕೂಡಿಸಲು ಬರುವುದಿಲ್ಲ. ಮೇಲ್ತೋಳು ಚಿಕ್ಕದಿರುವವರ ಅಂಗೈಯೂ ಅಷ್ಟೇ ಚಿಕ್ಕದಿರಬೇಕು ಅಂತೇನಿಲ್ಲ. ಅಮೆರಿಕದ ವಾಯುಪಡೆಯಲ್ಲಿ ಗಿಲ್ಬರ್ಟ್ ಡೇನಿಯಲ್ಸ್ 1952ರಲ್ಲಿ 4063 ಪೈಲಟ್‌ಗಳ ಅಳತೆ ಇಟ್ಟುಕೊಂಡು ನೋಡಿದರು, ಹತ್ತು ಅಳತೆಯಲ್ಲೂ ಸರಾಸರಿಗೆ ಹತ್ತಿರ ಇರುವವರು ಎಷ್ಟು ಜನ ಅಂತ. ಒಬ್ಬರೂ ಸಿಗಲಿಲ್ಲ. ಸರಾಸರಿ ಅಂದರೆ ಅಲ್ಲಿ ತೀರಾ ಸಣ್ಣ ಪಟ್ಟಿಯೇನೂ ಅಲ್ಲ, ನಡುವಿನ ಸುಮಾರು ಕಾಲು ಭಾಗ ಜನರನ್ನು ಹಿಡಿಯುವಷ್ಟು ಅಗಲ ಇತ್ತು.

ಅಳತೆಗೋಲು:

ಮಿಶಿಗನ್ ಅವರೇ, ಆ ಕೊನೆಯ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಒಂದು ಸೇರಿಸುತ್ತೇನೆ. ಡ್ರಿಲ್ಲಿಸ್ ಅವರ ಅನುಪಾತ ಅಮೆರಿಕದ್ದು. ನಮ್ಮ ಜನರ ಅಳತೆ ಬೇಕಾದರೆ ಅಹಮದಾಬಾದಿನ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) 1997ರಲ್ಲಿ ಹೊರತಂದ ದೇಬ್‌ಕುಮಾರ್ ಚಕ್ರಬರ್ತಿ ಅವರ ಪುಸ್ತಕ ಇದೆ. ಭಾರತದ ಗಂಡಸರು ಹೆಂಗಸರ ಅಳತೆಗಳು ಪರ್ಸೆಂಟೈಲ್ ಸಮೇತ ಸಿಗುತ್ತವೆ. ಕಾಲೇಜು ಲೈಬ್ರರಿಗಳಲ್ಲಿ ಕೇಳಿ ನೋಡಿ. ಅಮೆರಿಕದ ಸೇನೆಯ 2012ರ ಸಮೀಕ್ಷೆಯ ಅಂಕಿಗಳು ಪುಕ್ಕಟೆ ಸಿಗುತ್ತವೆ, 4082 ಗಂಡಸರು 1986 ಹೆಂಗಸರು ಇದ್ದಾರೆ. ಅಳತೆಗಳ ನಡುವಿನ ಸಂಬಂಧ ಕಲಿಯಲು ಅದು ಬಹಳ ಚೆನ್ನಾಗಿದೆ, ಆದರೆ ಪೀಣ್ಯದ ಬೆಂಚಿಗೆ ಅಲ್ಲಿನ ಸೆಂಟಿಮೀಟರ್ ತಂದು ಹಾಕಬೇಡಿ.

ಈಗ ಮೂಲೆಯ ಟ್ರೇ ವಿಷಯ. ನನಗೆ ಅದೇ ಹೆಚ್ಚು ಚಿಂತೆ. ಕಮಾನಿನ ಕೇಂದ್ರ ಭುಜ, ಎದೆಯ ನಡುಭಾಗ ಅಲ್ಲ. ಬಲ ಭುಜ ನಡುಗೆರೆಯಿಂದ 16 ಸೆಂ.ಮೀ. ಬಲಕ್ಕಿದೆ ಅನ್ನಿ. ನಿಮ್ಮ ಬೆಂಚು 120 ಅಗಲ, ಅಂದರೆ ಮೂಲೆ ನಡುಗೆರೆಯಿಂದ 60 ದೂರ. ಭುಜದಿಂದ ಪಕ್ಕಕ್ಕೆ 44. ಅಷ್ಟು ಪಕ್ಕಕ್ಕೆ ಹೋದ ಮೇಲೆ ಮುಂದಕ್ಕೆ ಎಷ್ಟು ಉಳಿಯುತ್ತದೆ ಅಂತ ಮತ್ತೆ ಪೈಥಾಗರಸ್ ಹಾಕಿ. 152 ಎತ್ತರದವರಿಗೆ ಅಂಚಿನಿಂದ ಸುಮಾರು 12 ಸೆಂ.ಮೀ. ಮಾತ್ರ. 142 ಎತ್ತರದವರಿಗೆ? ಅವರ ಭುಜ ನಡುಗೆರೆಯಿಂದ 15 ಅಷ್ಟೇ ಅನ್ನಿ, ಪಕ್ಕಕ್ಕೆ 45 ಹೋಗಬೇಕು, ಉಳಿಯುವುದು 2 ಸೆಂ.ಮೀ. ಅಂದರೆ ಆ ಮೂಲೆ ಅವರ ಪಾಲಿಗೆ ಇಲ್ಲವೇ ಇಲ್ಲ.

ಎದುರಿಗೆ ಇವರಿಬ್ಬರ ನಡುವಿನ ವ್ಯತ್ಯಾಸ 4 ಸೆಂ.ಮೀ. ಇತ್ತು, ಮೂಲೆಯಲ್ಲಿ 10 ಆಯಿತು. ಕೈ ಇನ್ನೊಂದು ಸೆಂ.ಮೀ. ಚಿಕ್ಕದಾದರೆ ಮೂಲೆಯಲ್ಲಿ 3.5 ಸೆಂ.ಮೀ. ಹೋಗುತ್ತದೆ. ಎತ್ತರದಿಂದ ಊಹಿಸುವ ಲೆಕ್ಕದಲ್ಲಿ ಸಣ್ಣ ತಪ್ಪು ಇದ್ದರೆ ಎದುರಿನ ಬಿನ್‌ಗೆ ಏನೂ ಅನ್ನಿಸದಿರಬಹುದು, ಮೂಲೆಯ ಟ್ರೇಗೆ ಬಂದಾಗ ಅದು ದೊಡ್ಡದಾಗಿಬಿಡುತ್ತದೆ. ಭುಜ ನೋವು ಬಲಗಡೆಯೇ ಜಾಸ್ತಿ ಅಂತ ನೀವು ಬರೆದಿದ್ದೀರಿ. ಆ ಎರಡು ಟ್ರೇಗಳನ್ನು ಮೊದಲು ಅಲ್ಲಿಂದ ಎತ್ತಿಸಿ, ಹೊಸ ಬೆಂಚು ಬರುವವರೆಗೂ ಕಾಯಬೇಡಿ.

ಬಾಬಿನ್_ಕೇಸ್:

ನಾನು ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವಳು, ಈಗ ಹೊಸಬರಿಗೆ ಟ್ರೇನಿಂಗ್ ಕೊಡುತ್ತೇನೆ. ಎಲ್ಲಾ ಓದಿದೆ. ಕೈ ಉದ್ದದ ಬಗ್ಗೆ ಇಷ್ಟು ಮಾತಾಯಿತು, ಕಾಲಿನ ಬಗ್ಗೆ ಯಾರೂ ಹೇಳಲಿಲ್ಲ.

ಮೇಡಂ, ನೀವು ಭುಜ ಅಂಚಿನಿಂದ 15 ಸೆಂ.ಮೀ. ಹಿಂದೆ ಅಂತ ಹಿಡಿದಿರಿ. ಹೊಟ್ಟೆ ತಾಗುವ ಹಾಗೆ ಕೂತರೆ ತಾನೇ? ಅಷ್ಟು ಮುಂದೆ ಕೂರುವುದಕ್ಕೆ ಬಿಡಬೇಕಲ್ಲ. ಹೊಲಿಗೆ ಮೆಷೀನ್‌ನಲ್ಲಿ ಪೆಡಲ್ ಎಲ್ಲಿದೆಯೋ ಅಲ್ಲಿ ಕಾಲು, ಕಾಲು ಎಲ್ಲಿದೆಯೋ ಅದಕ್ಕೆ ತಕ್ಕ ಹಾಗೆ ಮೈ. ಪೆಡಲ್ ಹತ್ತಿರ ಇದ್ದರೆ ಸ್ಟೂಲ್ ಹಿಂದೆ ಹೋಗುತ್ತದೆ, ಆಮೇಲೆ ಇಡೀ ದಿನ ಸೂಜಿ ಕಡೆಗೆ ಬಗ್ಗಿಕೊಂಡೇ ಹೊಲಿಯಬೇಕು. ನಿಮ್ಮ ಬೆಂಚಿಗೆ ಕೆಳಗೆ ಡ್ರಾಯರ್ ಇದೆಯಾ? ಮುಂದೆ ಅಡ್ಡಪಟ್ಟಿ ಇದೆಯಾ? ಮೊಣಕಾಲು ಅದಕ್ಕೆ ತಾಗಿದರೆ ಯಾರೂ ಹತ್ತಿರ ಕೂರುವುದಿಲ್ಲ. ನಾಲ್ಕು ಬೆರಳು ಹಿಂದೆ ಸರಿದರೆ ಕೈ ಎಟುಕುವುದೂ ನಾಲ್ಕು ಬೆರಳು ಕಮ್ಮಿ, ಕೈ ಎಷ್ಟೇ ಉದ್ದ ಇರಲಿ. ಬಸುರಿ ಹೆಂಗಸರಿಗಂತೂ ತಿಂಗಳು ತಿಂಗಳಿಗೂ ಹಿಂದಕ್ಕೆ ಹೋಗಬೇಕಾಗುತ್ತದೆ. ಅವರಿಗೆ ಟ್ರೇ ಮುಂದೆ ತರುವ ವ್ಯವಸ್ಥೆ ಬೇಕೇ ಬೇಕು.

ಇನ್ನೊಂದು. ಬೆಂಚು ಎತ್ತರ ಅಂತ ಸ್ಟೂಲ್ ಎತ್ತರಿಸಿದರೆ ಕಾಲು ನೇತಾಡುತ್ತದೆ. ಕಾಲು ನೇತಾಡಿದರೆ ಜನ ಸ್ಟೂಲಿನ ತುದಿಗೆ ಬರುತ್ತಾರೆ, ಸೊಂಟ ನಿಲ್ಲುವುದಿಲ್ಲ. ಕಾಲಿಡಲು ಒಂದು ಪಟ್ಟಿ ಕೊಡಿ, ಎತ್ತರ ಬದಲಿಸುವ ಹಾಗಿರಲಿ.

ಈಗ ಒಂದು ಗುಟ್ಟು ಹೇಳುತ್ತೇನೆ. ಹಳೇ ಬೆಂಚುಗಳ ಮೇಲ್ಮೈ ನೋಡಿ. ಸನ್ಮೈಕಾ ಎಲ್ಲಿ ಸವೆದು ಬಿಳಿಯಾಗಿದೆ, ಎಲ್ಲಿ ಹೊಸದರ ಹಾಗೇ ಇದೆ. ಸವೆದ ಜಾಗವೇ ಅವರ ಕೈ ನಿಜವಾಗಿ ಓಡಾಡುವ ಜಾಗ. ಹಾಗೇ ಊಟದ ಬೆಲ್ ಹೊಡೆದು ಎಲ್ಲರೂ ಎದ್ದು ಹೋದ ಮೇಲೆ ಬಿನ್‌ಗಳು ಎಲ್ಲಿವೆ ನೋಡಿ. ಬೆಳಿಗ್ಗೆ ಸೂಪರ್‌ವೈಸರ್ ಸಾಲಾಗಿ ಹಿಂದೆ ಇಟ್ಟಿದ್ದನ್ನು ಹನ್ನೆರಡು ಗಂಟೆ ಹೊತ್ತಿಗೆ ಅವರೇ ಮುಂದಕ್ಕೆ ಎಳೆದುಕೊಂಡಿರುತ್ತಾರೆ. ಒಬ್ಬರು ಮಡಿಲ ಮೇಲೆ ಸುರಿದುಕೊಂಡಿರುತ್ತಾರೆ, ಇನ್ನೊಬ್ಬರು ಪಕ್ಕದ ಸ್ಟೂಲ್ ಮೇಲೆ ಇಟ್ಟುಕೊಂಡಿರುತ್ತಾರೆ. ಆಡಿಟ್ ಬಂದಾಗ ಅದಕ್ಕೆ ಬೈಸಿಕೊಳ್ಳುತ್ತಾರೆ ಪಾಪ. ಬೈಯುವ ಬದಲು ಫೋಟೋ ತೆಗೆದುಕೊಳ್ಳಿ. ಅವರು ತಾವೇ ಡ್ರಾಯಿಂಗ್ ಮಾಡಿ ಕೊಟ್ಟಿದ್ದಾರೆ ಅಂದುಕೊಳ್ಳಿ.

ಎಡಚರು ಇದ್ದಾರಾ ಕೇಳಿ. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.

ಪೀಣ್ಯ_ಪ್ಲಾನಿಂಗ್:

ಎಲ್ಲರಿಗೂ ತುಂಬಾ ಧನ್ಯವಾದ. ಎಲ್ಲವನ್ನೂ ಮಾಡಿ ನೋಡಿ ಬಂದು ಬರೆಯುತ್ತಿದ್ದೇನೆ.

ಮೊದಲು ಬಾಬಿನ್ ಅಕ್ಕ ಹೇಳಿದ ಹಾಗೆ ಊಟದ ಹೊತ್ತಿಗೆ ಹೋಗಿ ನೋಡಿದೆ. ಬಿನ್‌ಗಳು ಹಿಂದಿನ ಅಂಚಿನಲ್ಲಿ ಇರಲೇ ಇಲ್ಲ! ಕೆಲವು ಬೆಂಚುಗಳಲ್ಲಿ ಲಗ್ಗುಗಳನ್ನು ಬಿನ್ನಿನ ಮುಚ್ಚಳಕ್ಕೆ ಸುರಿದು ಹೊಟ್ಟೆ ಹತ್ತಿರವೇ ಇಟ್ಟುಕೊಂಡಿದ್ದರು. ಕೆಳಗೆ ಅಡ್ಡಪಟ್ಟಿ ಇದೆ, ಎಲ್ಲರ ಮೊಣಕಾಲಿಗೂ ತಾಗುತ್ತದೆ. ಅಂಚಿನಿಂದ ಭುಜಕ್ಕೆ ಅಳೆದರೆ 15 ಯಾರಿಗೂ ಇಲ್ಲ, 20ರಿಂದ 22.

ಆಮೇಲೆ ಪೇಪರ್ ಅಂಟಿಸಿ ಕಮಾನು ಎಳೆಸಿದೆವು. ಎಲ್ಲಕ್ಕಿಂತ ಒಳಗಿನ ಗೆರೆ ಎಲ್ಲರಿಗಿಂತ ಕುಳ್ಳಗಿರುವವರದ್ದಲ್ಲ! ಮಧ್ಯಮ ಎತ್ತರದ ಒಬ್ಬರದ್ದು. ಅವರು ಎದ್ದು ನಿಂತರೆ ಬೇರೆಯವರ ಸಮಕ್ಕೇ ಇದ್ದಾರೆ, ಕೈ ಮಾತ್ರ ಚಿಕ್ಕದು. ಎತ್ತರದ ಪಟ್ಟಿ ನೋಡಿ ಮಾಡಿದ್ದರೆ ಅವರು ನನ್ನ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಎಡಚರು ಇಬ್ಬರಿದ್ದಾರೆ, ಅವರಿಬ್ಬರೂ ಇಷ್ಟು ದಿನ ಬಲ ಮೂಲೆಯ ಟ್ರೇಗೆ ಮೈ ತಿರುಗಿಸಿ ಎಡಗೈ ಹಾಕುತ್ತಿದ್ದರು.

ಮೂಲೆಯ ಟ್ರೇಗಳನ್ನು ಅವತ್ತೇ ತೆಗೆಸಿದೆ.

ಈಗ ಎರಡು ಪ್ರಶ್ನೆ. ಕಾಗದದ ಮೇಲಿನ ಜಾಗದಲ್ಲಿ ನಮ್ಮ ಎಲ್ಲಾ ಬಿನ್ ಹಿಡಿಸುವುದಿಲ್ಲ. ಎರಡು ಮೂರು ಹೆಚ್ಚಾಗುತ್ತವೆ. ಮೇಲೊಂದು ಅಟ್ಟಣಿಗೆ ಮಾಡಿ ಇಡಬಹುದಾ? ಇನ್ನೊಂದು, ಎರಡು ಬೆಂಚುಗಳ ಮೇಲೆ ಗಾಳಿ ಒತ್ತಡದ ಚಿಕ್ಕ ಕ್ರಿಂಪಿಂಗ್ ಪ್ರೆಸ್ ಇದೆ. ಅದರ ಗಾರ್ಡನ್ನೂ (ಕೈ ಒಳಗೆ ಹೋಗದ ಹಾಗೆ ತಡೆಯುವ ಕವಚ) ಇದೇ ಕಾಗದ ನೋಡಿ ಮಾಡಿಸಲಾ?

ಮಿಶಿಗನ್_ಮಲೆನಾಡು:

ಎರಡನೆಯದಕ್ಕೆ ಮೊದಲು ಉತ್ತರ. ಬೇಡ, ಖಂಡಿತ ಬೇಡ. ಗಾರ್ಡ್ ವಿಷಯದಲ್ಲಿ ಎಲ್ಲಾ ತಲೆಕೆಳಗು. ಬಿನ್ ಎಲ್ಲರ ಕೈಗೂ ಎಟುಕಬೇಕು, ಪ್ರೆಸ್‌ನ ದವಡೆ ಯಾರ ಕೈಗೂ ಎಟುಕಬಾರದು. ಅಲ್ಲಿ ಲೆಕ್ಕಕ್ಕೆ ಬರುವವರು ಎಲ್ಲರಿಗಿಂತ ಉದ್ದ ಕೈ, ಎಲ್ಲರಿಗಿಂತ ಸಣ್ಣ ಬೆರಳು ಇರುವವರು. ಅದಕ್ಕೆ ನಿಮ್ಮ ಲೈನ್‌ನ ಜನರನ್ನು ಅಳೆಯುವುದೂ ಬೇಡ, ನಾಳೆ ಮೆಂಟೆನೆನ್ಸ್‌ಗೆ ಆರಡಿ ಹುಡುಗ ಬಂದು ಕೈ ಹಾಕಬಹುದು. ಐಎಸ್‌ಒ 13857 ಅನ್ನುವ ಸುರಕ್ಷತಾ ದೂರಗಳ ಮಾನದಂಡ ನೋಡಿ ಮಾಡಿಸಿ. ಗಾರ್ಡಿನಲ್ಲಿ ಬಿಡುವ ಸಂದು 40 ಮಿ.ಮೀ. ದಾಟಿ 120ರವರೆಗೆ ಇದ್ದರೆ ಇಡೀ ತೋಳು ಒಳಗೆ ಹೋಗುತ್ತದೆ ಅಂತ ಹಿಡಿದು ಅಪಾಯದ ಜಾಗ 850 ಮಿ.ಮೀ. ದೂರ ಇರಬೇಕು ಅನ್ನುತ್ತದೆ. ಬೆಂಚಿನ ಮೇಲೆ ಅಷ್ಟು ದೂರ ಸಿಗುವುದಿಲ್ಲ. ಅಂದರೆ ಸಂದನ್ನೇ ವೈರ್ ಮಾತ್ರ ಹೋಗುವಷ್ಟು ಸಣ್ಣದು ಮಾಡಬೇಕು.

ಅಳತೆಗೋಲು:

ಅಟ್ಟಣಿಗೆಗೆ ನಾನು ಹೇಳುತ್ತೇನೆ. ಮಾಡಬಹುದು. ಬಿನ್ ಮೇಲೆ ಹೋದಷ್ಟೂ ಭುಜದ ಮಟ್ಟಕ್ಕೆ ಹತ್ತಿರವಾಗುತ್ತದೆ, ಕೈ ಓರೆಯಾಗಿ ಇಳಿಯುವುದು ಕಮ್ಮಿ, ಅಡ್ಡ ದೂರ ಜಾಸ್ತಿ ಸಿಗುತ್ತದೆ. ಹಿಂದೆ 142 ಎತ್ತರದವರಿಗೆ ಬೆಂಚಿನ ಮಟ್ಟದಲ್ಲಿ 33 ಬಂದಿತ್ತಲ್ಲ, ಅದೇ ಬಿನ್ನನ್ನು 15 ಸೆಂ.ಮೀ. ಎತ್ತರಿಸಿದರೆ 38 ದಾಟುತ್ತದೆ. ಆದರೆ ತೋಳು ಮೇಲೆತ್ತಿ ಹಿಡಿಯುವ ಭಾರ ಭುಜದ ಮೇಲೇ ಬೀಳುವುದು. ಆದ್ದರಿಂದ ಮೇಲೆ ಇಡುವುದು ಅಪರೂಪಕ್ಕೆ ಬೇಕಾಗುವ ಸಾಮಾನು ಮಾತ್ರ. ಅಲ್ಲಿಯ ಬಿನ್‌ಗಳನ್ನು ಮುಂದಕ್ಕೆ ವಾಲಿಸಿ, ನೆಟ್ಟಗೆ ಇಟ್ಟರೆ ಕೈ ಮೇಲೆ ಹೋಗಿ ಮತ್ತೆ ಒಳಗೆ ಇಳಿಯಬೇಕು. ದೂರ ಅಳೆಯುವುದು ಬಿನ್ನಿನ ಮುಂಬಾಯಿಗಲ್ಲ, ತಳದಲ್ಲಿ ಉಳಿದ ಕೊನೆಯ ನಾಲ್ಕು ಲಗ್ಗಿಗೆ.

ಅಡ್ಡಪಟ್ಟಿಯನ್ನು ಹಿಂದಕ್ಕೆ ತಳ್ಳಿಸಿ, ಆಮೇಲೆ ಎಲ್ಲರಿಗೂ ಕಮಾನನ್ನು ಇನ್ನೊಮ್ಮೆ ಎಳೆಸಿ. ಈಗಿರುವ ಕಾಗದ ಮೊಣಕಾಲು ತಾಗಿ ಹಿಂದೆ ಕೂತವರದ್ದು. ಪಟ್ಟಿ ತೆಗೆದ ಮೇಲೆ ಎಲ್ಲರೂ ಮುಂದೆ ಬರುತ್ತಾರೆ, ಜಾಗ ಐದಾರು ಸೆಂ.ಮೀ. ಹಿಗ್ಗುತ್ತದೆ. ಹೆಚ್ಚಾದ ಬಿನ್‌ಗಳಲ್ಲಿ ಒಂದೆರಡು ಅಲ್ಲೇ ಹಿಡಿಸಬಹುದು.

ಲೈನ್_ತುಮಕೂರು:

ಅಣ್ಣ, ಫ್ಯಾಬ್ರಿಕೇಟರ್‌ಗೆ ಒಂದು ಮಾತು ಹೇಳಿ. ಬಿನ್ ಕೂರಿಸುವ ರೈಲನ್ನು ಬೆಂಚಿಗೆ ವೆಲ್ಡ್ ಮಾಡಬಾರದು. ಎರಡೂ ಪಕ್ಕ ಪಟ್ಟಿಗೆ ಸಾಲಾಗಿ ತೂತು ಹೊಡೆಸಿ ಬೋಲ್ಟ್ ಹಾಕಲಿ, ರೆಕ್ಕೆ ಇರುವ ಬೋಲ್ಟ್ ಆದರೆ ಪಾನಾ ಬೇಕಾಗುವುದಿಲ್ಲ, ಕೂತವರೇ ಬಿಚ್ಚಿ ಮುಂದೆ ಹಿಂದೆ ಮಾಡಿಕೊಳ್ಳಬಹುದು. ಆ ಚಿಕ್ಕ ಕೈಯವರ ಬೆಂಚಿಗೂ, ಎಡಚರ ಬೆಂಚಿಗೂ ಒಂದೇ ಡ್ರಾಯಿಂಗ್ ಆಗುತ್ತದೆ, ಮಾಲೀಕರಿಗೂ ಒಪ್ಪಿಸಲು ಸುಲಭ. ಮೊದಲು ಒಂದೇ ಬೆಂಚು ಮಾಡಿಸಿ ಲೈನ್‌ನಲ್ಲಿ ಒಂದು ವಾರ ಓಡಿಸಿ, ಊಟದ ಬೆಲ್ ಆದ ಮೇಲೆ ಹೋಗಿ ಬಿನ್ ಎಲ್ಲಿವೆ ನೋಡಿ, ಇಟ್ಟ ಜಾಗದಲ್ಲೇ ಇದ್ದರೆ ಉಳಿದದ್ದಕ್ಕೆ ಆರ್ಡರ್ ಕೊಡಿ.

ಪೀಣ್ಯ_ಪ್ಲಾನಿಂಗ್:

ಹಾಗೇ ಮಾಡುತ್ತೇನೆ. ಅಡ್ಡಪಟ್ಟಿ ಹಿಂದೆ ಸರಿಸುವ ಕೆಲಸ ನಾಳೆ, ಒಂದು ಸ್ಯಾಂಪಲ್ ಬೆಂಚಿಗೆ ಇವತ್ತೇ ಹೇಳಿದ್ದೇನೆ. ಎರಡನೇ ಸಲದ ಕಾಗದದ ಫೋಟೋ ಇಲ್ಲೇ ಹಾಕುತ್ತೇನೆ, ಕಮಾನು ಸರಿಯಾಗಿ ಬಂದಿದೆಯಾ ನೋಡಿ ಹೇಳಿ.